ಚೆಕ್ಕು ಜಮಾ ಮಾಡುವವರು ತಿಳಿದಿರತಕ್ಕ ಸಂಗತಿಗಳು

ಬ್ಯಾಂಕಿನಲ್ಲಿ ಚೆಕ್ಕು ಕೊಟ್ಟು, ಸ್ಲಿಪ್ಪಿನ ಮೇಲೆ ಮೊಹರು ಬಿದ್ದೊಡನೆ ಹಣ ತನ್ನದಾಯಿತೆಂದು ನಂಬುವವರು ನಮ್ಮಲ್ಲಿ ಅನೇಕರಿದ್ದಾರೆ. ಆ ನಂಬಿಕೆಯಿಂದಲೇ ಸಾಲ ತಂದು ಊರಿಗೆ ಹಣ ಕಳುಹಿಸುತ್ತಾರೆ, ಖೋಲಿಯ ಡಿಪಾಜಿಟ್ಟಿಗೆ ಮಾತು ಕೊಡುತ್ತಾರೆ. ಬಳಿಕ ಚೆಕ್ಕು ಹಿಂದಿರುಗಿತೆಂದು ತಿಳಿದಾಗ ಕಂಗಾಲಾಗುತ್ತಾರೆ. ಪರೇಲಿನ ನಮ್ಮ ಕಾಮಗಾರ ಬಂಧುಗಳಿಗೂ ಗುಮಾಸ್ತರಿಗೂ ಈ ವಿಷಯದ ತಿಳಿವಳಿಕೆ ಅವಶ್ಯವಾದುದು.

ನಗದು ಬೇರೆ, ಚೆಕ್ಕು ಬೇರೆ

ನಮ್ಮ ಕರಾವಳಿಯ ಜನಕ್ಕೆ ಪಿಗ್ಮಿ ಠೇವಣಿಯ ಪರಿಚಯ ಹಳೆಯದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ 1928ರಲ್ಲಿ ಅದನ್ನು ಆರಂಭಿಸಿತು. (2020ರ ಏಪ್ರಿಲ್ 1ರಂದು ಈ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಏಜಂಟನು ಮನೆಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ, ಪಡೆದುಕೊಂಡು ಹೋಗುತ್ತಿದ್ದನು. ಅಲ್ಲಿ ಕೊಟ್ಟದ್ದು ನಾಣ್ಯ. ಕೊಟ್ಟಾಗಲೇ ಅದು ಹಣ. ಚೆಕ್ಕಾದರೋ ಹಣವಲ್ಲ, ‘ಇಂಥವರಿಗೆ ಇಷ್ಟು ಕೊಡಿ’ ಎಂದು ಒಬ್ಬನು ತನ್ನ ಬ್ಯಾಂಕಿಗೆ ಬರೆದ ಆಜ್ಞೆ ಮಾತ್ರ. ಆ ಬ್ಯಾಂಕು ಒಪ್ಪಿದ ಮೇಲೆಯೇ ಅದು ಹಣವಾಗುತ್ತದೆ.

ಚೆಕ್ಕು ಹೋಗುವ ದಾರಿ

ಹಿಂದೆ ಹುಬ್ಬಳ್ಳಿಯ ಅಥವಾ ಮಂಗಳೂರಿನ ಬ್ಯಾಂಕಿನ ಚೆಕ್ಕನ್ನು ಮುಂಬಯಿಯಲ್ಲಿ ಹಾಕಿದರೆ, ಆ ಕಾಗದವೇ ಟಪಾಲಿನಲ್ಲಿ ಅಲ್ಲಿಗೆ ಹೋಗಬೇಕಾಗಿತ್ತು. ಹಣ ಬರಲು ವಾರಗಳೇ ಹಿಡಿಯುತ್ತಿದ್ದವು. ಈಗ ಚೆಕ್ಕಿನ ಚಿತ್ರವನ್ನು ತೆಗೆದು ಯಂತ್ರದ ಮೂಲಕ ಕಳುಹಿಸುತ್ತಾರೆ. ಈ ಪದ್ಧತಿ 2008ರಲ್ಲಿ ದಿಲ್ಲಿಯಲ್ಲಿ ಆರಂಭವಾಗಿ, 2013ರಲ್ಲಿ ಮುಂಬಯಿಗೆ ಬಂದಿತು.

2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕು ಇನ್ನೂ ಶೀಘ್ರವಾದ ಕ್ರಮವನ್ನು ತಂದಿತು. ಅದರಂತೆ ಹಗಲಿನ ನಿಗದಿತ ವೇಳೆಯಲ್ಲಿ ಬ್ಯಾಂಕುಗಳು ಚೆಕ್ಕುಗಳ ಚಿತ್ರವನ್ನು ಒಂದೇ ಸಮನೆ ಕಳುಹಿಸುತ್ತಿರಬೇಕು; ಹಣ ಕೊಡಬೇಕಾದ ಬ್ಯಾಂಕು ಅದೇ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಆದರೆ ನೀವು ಮಧ್ಯಾಹ್ನದ ಮೇಲೆ ಪೆಟ್ಟಿಗೆಗೆ ಹಾಕಿದ ಚೆಕ್ಕನ್ನು ಮರುದಿನ ತೆಗೆದರೆ, ಲೆಕ್ಕ ಮರುದಿನದಿಂದಲೇ. ಆದುದರಿಂದ ‘ಜಮಾ ಆಯಿತೇ?’ ಎಂದು ಕೇಳಿದರೆ ಸಾಲದು; ‘ಕ್ಲಿಯರ್ ಆಯಿತೇ, ತೆಗೆಯಬಹುದಾದ ಬಾಕಿ ಎಷ್ಟು?’ ಎಂದು ಕೇಳಿರಿ.

ಕೊಡುವ ಮುನ್ನ ನೋಡತಕ್ಕದ್ದು

ಮೊದಲು ತಾರೀಖು. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು. ಮೊದಲು ಆರು ತಿಂಗಳಿತ್ತು. ಎರಡನೆಯದು ಹೆಸರು. ಅದು ನಿಮ್ಮ ಖಾತೆಯಲ್ಲಿರುವ ಹೆಸರಿಗೆ ಹೊಂದಬೇಕು. ಮೂರನೆಯದು ತಿದ್ದುಪಡಿ. ಹೆಸರನ್ನೋ ಮೊತ್ತವನ್ನೋ ಹೊಡೆದು ತಿದ್ದಿದ ಚೆಕ್ಕು, ಪಕ್ಕದಲ್ಲಿ ಸಹಿಯಿದ್ದರೂ ಈ ಚಿತ್ರ ಪದ್ಧತಿಯಲ್ಲಿ ನಡೆಯುವುದಿಲ್ಲ; ಬೇರೆ ಚೆಕ್ಕನ್ನೇ ಬರೆಯಿಸಿಕೊಳ್ಳಿರಿ.

ಪೆಟ್ಟಿಗೆಗೆ ಹಾಕಿದರೆ ರಸೀದಿಯಿಲ್ಲ. ಕೌಂಟರಿನಲ್ಲಿ ಚೆಕ್ಕು ಕೊಟ್ಟು ರಸೀದಿ ಕೇಳಿದವರಿಗೆ ಅದನ್ನು ನಿರಾಕರಿಸಕೂಡದೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ದೊಡ್ಡ ಮೊತ್ತವಾದರೆ ಸಂಕೋಚಪಡದೆ ಕೇಳಿರಿ.

ಕೌಂಟರಿನಲ್ಲಿ ನಗದು

ಹಿಂದೆ ಚೆಕ್ಕು ಕೊಟ್ಟವನಿಗೆ ಹಿತ್ತಾಳೆಯ ಬಿಲ್ಲೆಯೊಂದು ಸಿಗುತ್ತಿತ್ತು. ಚೆಕ್ಕು ಗುಮಾಸ್ತರ ಲೆಡ್ಜರು ದಾಟಿ, ಅಧಿಕಾರಿಯ ಸಹಿಯಾಗಿ, ಕ್ಯಾಷಿಯರು ನಂಬರು ಕೂಗುವ ತನಕ ಬೆಂಚಿನ ಮೇಲೆ ಕುಳಿತಿರಬೇಕಾಗಿತ್ತು. ಟೆಲ್ಲರ್ ಪದ್ಧತಿಯಲ್ಲಿ ಒಂದು ಮಿತಿಯವರೆಗಿನ ಹಣವನ್ನು ಕಿಟಕಿಯಲ್ಲಿರುವವರೇ ಪರೀಕ್ಷಿಸಿ ಕೊಡುತ್ತಾರೆ. ಆದರೆ ಮೂಲೆಯಲ್ಲಿ ಎರಡು ಅಡ್ಡಗೆರೆ ಎಳೆದ ಚೆಕ್ಕಿಗೆ ಯಾವ ಟೆಲ್ಲರೂ ನಗದು ಕೊಡಲಾರನು. ಅದು ಖಾತೆಯ ಮೂಲಕವೇ ಹೋಗಬೇಕು. ‘ಅಕೌಂಟ್ ಪೇಯೀ’ ಎಂದು ಬರೆದಿದ್ದರೆ ಹೆಸರಿರುವವನ ಖಾತೆಗೇ ಹೋಗಬೇಕು. ಇದು ಅವರ ಹಟವಲ್ಲ, ನಿಮ್ಮ ರಕ್ಷಣೆ: ಕಳೆದುಹೋದ ಚೆಕ್ಕನ್ನು ಕಂಡವರು ವಟಾಯಿಸಿಕೊಳ್ಳದಂತೆ ಮಾಡಿದ ಏರ್ಪಾಡು.

ಚೆಕ್ಕು ಹಿಂದಿರುಗಿದರೆ

ಚೆಕ್ಕನ್ನೂ ಕಾರಣ ಬರೆದ ಚೀಟಿಯನ್ನೂ ಬ್ಯಾಂಕಿನಿಂದ ಪಡೆದು ಜೋಪಾನವಾಗಿಡಿರಿ. ಮೂರು ತಿಂಗಳ ಅವಧಿಯಿದ್ದರೆ ಮತ್ತೊಮ್ಮೆ ಹಾಕಬಹುದು. ಸಲ್ಲಬೇಕಾದ ಪಗಾರಕ್ಕೋ ಸಾಲಕ್ಕೋ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದ್ದಾದರೆ, 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನ ಪ್ರಕಾರ ಅದು ಅಪರಾಧ. ಎರಡು ವರ್ಷಗಳ ವರೆಗೆ ಸೆರೆವಾಸ, ಚೆಕ್ಕಿನ ಎರಡರಷ್ಟರ ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಆದರೆ ಈ ಹಕ್ಕಿಗೆ ಗಡುವುಗಳಿವೆ. ಹಿಂದಿರುಗಿದ ವರ್ತಮಾನ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಬರಹದಲ್ಲಿ ನೋಟಿಸು ಕೊಡಬೇಕು. ಅದು ತಲಪಿದ 15 ದಿನಗಳೊಳಗೆ ಅವನು ಹಣ ಕೊಡದಿದ್ದರೆ, ಆ ಬಳಿಕ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ಫಿರ್ಯಾದು ಹೂಡಬೇಕು. ಚೆಕ್ಕು ಕೊಟ್ಟವನು ಹುಬ್ಬಳ್ಳಿಯವನಾಗಿರಲಿ, ನೀವು ಅದನ್ನು ಮುಂಬಯಿಯ ನಿಮ್ಮ ಖಾತೆಗೆ ಹಾಕಿದ್ದರೆ, 2015ರ ತಿದ್ದುಪಡಿಯಂತೆ ಫಿರ್ಯಾದು ಮುಂಬಯಿಯಲ್ಲೇ ನಡೆಯುತ್ತದೆ. ರಜೆ ಹಾಕಿ ಊರೂರು ಅಲೆಯಬೇಕಾಗಿಲ್ಲ.

ಇದೇ ಕಲಮು ನಮಗೂ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಪರರ ಚೆಕ್ಕು ಕ್ಲಿಯರ್ ಆಗುವ ಮುನ್ನ ಅದರ ಭರವಸೆಯಿಂದ ನಾವೊಂದು ಚೆಕ್ಕು ಬರೆದುಕೊಟ್ಟು, ಮೊದಲಿನದು ಹಿಂದಿರುಗಿದರೆ, ನಮ್ಮದೂ ಹಿಂದಿರುಗುತ್ತದೆ. ಆಗ ನೋಟಿಸು ಬರುವುದು ನಮಗೆ. ಆದ್ದರಿಂದ ಕ್ಲಿಯರ್ ಆಗುವ ತನಕ ಆ ಹಣವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಲೇಸು.