ಮಂಜಿನ ಫೋಟೊಗೆ ಒಂದು ಕಪ್ಪು ಬೇಕು

ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಜಲಾಶಯವಿರಲಿ, ಜೋಯಿಡಾದ ಸೂಪಾ ಹಿನ್ನೀರಿರಲಿ, ಡಿಸೆಂಬರ್ ಬೆಳಗಿನಲ್ಲಿ ಕಣ್ಣಿಗೆ ಸಿಗುವುದು ಬರೀ ಬಿಳಿ. ಅದಕ್ಕೆ ಮರುಳಾಗಿ ತೆಗೆದ ಫೋಟೊ ಪ್ರಿಂಟಾದ ಮೇಲೆ ಖಾಲಿ ಕಾಗದ. ಅದಕ್ಕೇ ದಂಡೆಗೆ ಇಳಿದ ಕೂಡಲೇ ನಾನು ಹುಡುಕುವುದು ಒಂದು ಕಪ್ಪನ್ನು: ಒಣಗಿ ನಿಂತ ಬೊಡ್ಡೆ, ತೆಪ್ಪ, ನೀರಿಗಿಳಿದ ಎಮ್ಮೆ, ಏನಾದರೂ ಸರಿ.

ಸೂಪಾದಲ್ಲಿ ಆ ಕಪ್ಪಿಗೊಂದು ಕಥೆಯೂ ಇದೆ. ಕಾಳಿ ಮತ್ತು ಪಾಂಡ್ರಿ ನದಿಗಳು ಕೂಡುವಲ್ಲಿದ್ದ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಎಷ್ಟೋ ಮನೆಗಳು ರಾಮನಗರಕ್ಕೆ ಹೋದವು. ಹಿನ್ನೀರಿನ ಅಂಚಿನ ಬೊಡ್ಡೆಗಳನ್ನು ಫ್ರೇಮಿನೊಳಗೆ ತರುವಾಗ ಇದು ನೆನಪಾಗದೆ ಇರುವುದಿಲ್ಲ. (ಅಣೆಕಟ್ಟಿನ ಕಡೆ ಮಾತ್ರ ಕ್ಯಾಮೆರಾ ತಿರುಗಿಸುವ ಮುಂಚೆ ಅನುಮತಿ ಕೇಳಿ.)

ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೋಲು ಅಂಗಡಿಯಲ್ಲಿ ಸಿಗುತ್ತಿದ್ದ ಕಾಲ ಹೋಯಿತು. ಈಗ ಇಲ್ಫರ್ಡ್ ಎಚ್‌ಪಿ5 ತರಿಸಿಕೊಳ್ಳಬೇಕು. ನನ್ನ ಹಳೆಯ ಯಾಶಿಕಾದಲ್ಲಿ 120 ರೋಲೊಂದಕ್ಕೆ 12 ಫ್ರೇಮು, ಅಷ್ಟೇ. ಕೈ ತಾನಾಗಿಯೇ ನಿಧಾನವಾಗುತ್ತದೆ.

ಮಂಜು ಬೀಳುತ್ತದೋ ಇಲ್ಲವೋ ಎಂಬುದು ಹಿಂದಿನ ಸಂಜೆಯೇ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಮೋಡವಿಲ್ಲದೆ, ಗಾಳಿಯಿಲ್ಲದೆ ರಾತ್ರಿ ಕಳೆದರೆ ನೆಲ ಬೇಗ ತಣ್ಣಗಾಗಿ, ಗುಡ್ಡದ ತಂಪು ಗಾಳಿ ಇನ್ನೂ ಬೆಚ್ಚಗಿರುವ ನೀರಿನ ಮೇಲೆ ಇಳಿಯುತ್ತದೆ. ಮೋಡ ಕವಿದಿದ್ದರೆ ದಾಂಡೇಲಿಯಿಂದ ನಸುಕಿನಲ್ಲೇ ಹೊರಡುವ ಶ್ರಮ ಬೇಡ, ಮಲಗಿ. ಇನ್ನೊಂದು ಮಾತು: ಸೂರ್ಯ ಹುಟ್ಟಿದ ಮೇಲೆ ಮಂಜು ಎಷ್ಟೋ ಸಲ ಕೊಂಚ ಹೊತ್ತು ಇನ್ನೂ ದಟ್ಟವಾಗುತ್ತದೆ. ಆಮೇಲೆ ಅದು ಚಿಂದಿಚಿಂದಿಯಾಗಿ ಏಳುವಾಗಲೇ ಒಳ್ಳೆಯ ಫ್ರೇಮುಗಳು ಸಿಗುವುದು. ಅತ್ತಿವೇರಿಯ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜ ನನ್ನನ್ನು ನೋಡಿ ಮರುಗಿದ್ದ: “ಮಂಜ ಹೋಗ್ಲಿ ತಡೀರಿ ಸರ, ಆಮ್ಯಾಲೆ ಎಲ್ಲಾ ಚಲೋ ಕಾಣ್ತೈತಿ.” ಅವನ ಎಮ್ಮೆಗಳೇ ಅವತ್ತಿನ ನನ್ನ ಕಪ್ಪು.

ಮೀಟರನ್ನು ಮಂಜಿನಲ್ಲಿ ನಂಬಬಾರದು. ಅದು ಕಂಡದ್ದನ್ನೆಲ್ಲ ನಡುಬೂದು ಎಂದೇ ಎಣಿಸುತ್ತದೆ. ಹೇಳಿದಷ್ಟೇ ಬೆಳಕು ಕೊಟ್ಟರೆ ಮಂಜು ಕೊಳೆನೀರಿನ ಬಣ್ಣಕ್ಕೆ ಬರುತ್ತದೆ. ಒಂದು, ಕೆಲವೊಮ್ಮೆ ಒಂದೂವರೆ ಸ್ಟಾಪ್ ಹೆಚ್ಚು ಕೊಡುತ್ತೇನೆ. ನೆಗೆಟಿವ್ ಅದನ್ನು ತಾಳಿಕೊಳ್ಳುತ್ತದೆ, ಸ್ಲೈಡ್ ಫಿಲ್ಮ್ ತಾಳುವುದಿಲ್ಲ. ಕೆಂಪು ಫಿಲ್ಟರ್ ಹಾಕಿದರೆ ಮಂಜು ಸೀಳಿಕೊಂಡು ಆಚೆ ದಡ ಕಾಣುತ್ತದೆ ಎಂದು ನಂಬಿದವರಿದ್ದಾರೆ. ದೂರದ ಗುಡ್ಡದ ಮುಸುಕಿಗೆ ಅದು ಸರಿ. ಮಂಜಿನ ಹನಿಗಳು ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತವೆ. ಫಿಲ್ಟರ್ ತಿನ್ನುವುದು ಬೆಳಕನ್ನು ಮಾತ್ರ.

ನನ್ನ ಯಾಶಿಕಾದಂಥ ಎರಡು ಲೆನ್ಸಿನ ಕ್ಯಾಮೆರಾ ಇದ್ದವರು ಗಮನಿಸಬೇಕಾದ್ದು ಇಬ್ಬನಿಯನ್ನು. ನಾವು ನೋಡುವುದು ಮೇಲಿನ ಲೆನ್ಸಿನಲ್ಲಿ, ಫೋಟೊ ತೆಗೆಯುವುದು ಕೆಳಗಿನದು. ಟ್ರೈಪಾಡಿನ ಮೇಲೆ ಅರ್ಧ ಗಂಟೆ ಬಯಲಿಗೆ ನಿಂತ ಕ್ಯಾಮೆರಾದ ಕೆಳಗಿನ ಗಾಜಿನ ಮೇಲೆ ಸಣ್ಣ ಹನಿಗಳ ಪದರ ಕೂತಿದ್ದರೂ ಮೇಲಿನಿಂದ ನೋಡುವವನಿಗೆ ಎಲ್ಲವೂ ಸ್ವಚ್ಛ. ಮಂಜಿನಲ್ಲಿ ಮಂಜಾದ ಲೆನ್ಸು ಎಂದು ಯಾರಿಗೂ ಅನುಮಾನ ಬರುವುದಿಲ್ಲ. ಕಾಯುವಷ್ಟು ಹೊತ್ತು ಕ್ಯಾಮೆರಾಗೆ ಹತ್ತಿ ಟವೆಲ್ ಹೊದಿಸುತ್ತೇನೆ, ಪ್ರತಿ ಫ್ರೇಮಿಗೂ ಮುಂಚೆ ಬಗ್ಗಿ ಕೆಳಗಿನ ಲೆನ್ಸ್ ನೋಡುತ್ತೇನೆ. ವಾಪಸ್ ಹೋಗುವಾಗ ತಣ್ಣಗಾದ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಯಲ್ಲಿ ಥಟ್ಟನೆ ಬ್ಯಾಗಿನಿಂದ ತೆಗೆಯಬಾರದು, ಬೆವರುತ್ತದೆ. ಮಳೆಗಾಲದಲ್ಲಂತೂ ಈ ಕಡೆಯ ಶೀತಕ್ಕೆ ಗಾಜಿನೊಳಗೇ ಬೂಸು ಬರುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿ ಬೇಕೇ ಬೇಕು.

ಡೆವಲಪಿಂಗ್ ಮನೆಯಲ್ಲೇ. ಡಿ-76 ದ್ರಾವಣಕ್ಕೆ ಸಮ ನೀರು ಬೆರೆಸಿ 20 ಡಿಗ್ರಿಯಲ್ಲಿ 11 ನಿಮಿಷ ಎನ್ನುತ್ತದೆ ಪಟ್ಟಿ. ಮಂಜಿನ ರೋಲಿಗೆ 13 ಕೊಡುತ್ತೇನೆ, ಇಲ್ಲದಿದ್ದರೆ ಎಮ್ಮೆಯೂ ಬೂದಿಯಾಗುತ್ತದೆ. ಸ್ಕ್ಯಾನಿಗೆ ಮಾತ್ರ ಲ್ಯಾಬಿಗೆ ಕಳಿಸುತ್ತೇನೆ, ಜೊತೆಗೊಂದು ಚೀಟಿ: “ಆಟೊ ಕರೆಕ್ಷನ್ ಬೇಡ. ಬಿಳಿ ಬಿಳಿಯಾಗಿಯೇ ಇರಲಿ.”