ತಾರೀಖಿಲ್ಲದ ರಾಜೀನಾಮೆ: ಹೊಸ ಅಧ್ಯಾಪಕರಿಗೆ ಒಂದು ಎಚ್ಚರಿಕೆ

ಚಿಕ್ಕಪೇಟೆ, ಚಾಮರಾಜಪೇಟೆ, ಮಲ್ಲೇಶ್ವರಗಳ ಸುತ್ತಮುತ್ತಲಿನ ಖಾಸಗಿ ಶಾಲೆಗಳಲ್ಲಿ ಹೊಸದಾಗಿ ಸೇರಿ, ವರ್ಷ ತುಂಬುವುದರೊಳಗೆ ಕೆಲಸ ಕಳೆದುಕೊಂಡು ವಕೀಲರ ಬಾಗಿಲಿಗೆ ಬರುವ ತರುಣ ಅಧ್ಯಾಪಿಕೆಯರ ವೃತ್ತಾಂತಗಳಲ್ಲಿ, ಹೆಸರು ಸಂಬಳಗಳು ಬೇರೆಯಾದರೂ, ಒಂದು ಸಂಗತಿ ಮಾತ್ರ ತಪ್ಪದೆ ಮರುಕಳಿಸುತ್ತದೆ. ‘ನೀವಿನ್ನೂ ಟ್ರೈನಿಂಗಿನಲ್ಲಿದ್ದೀರಿ, ಮೇಡಂ’ ಎಂದು ಹೇಳಿ ಅರೆ ಸಂಬಳಕ್ಕೆ ಪೂರ್ಣ ತರಗತಿಗಳನ್ನು ಒಪ್ಪಿಸಿದ ಆಡಳಿತ ಮಂಡಳಿಯು, ಬೇಡವೆನಿಸಿದ ದಿನ, ಸೇರುವಾಗಲೇ ಸಹಿ ಮಾಡಿಸಿಕೊಂಡಿದ್ದ ರಾಜೀನಾಮೆ ಪತ್ರಕ್ಕೆ ತಾರೀಖು ತುಂಬಿ ಅವರನ್ನು ಮನೆಗೆ ಕಳುಹಿಸಿರುತ್ತದೆ.

ತರಬೇತಿಯ ವಿಷಯವನ್ನು ಮೊದಲು ಮುಗಿಸೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯ 23ನೆಯ ಪ್ರಕರಣವೂ, ಅದರನ್ವಯ ಎನ್‌ಸಿಟಿಇ 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯೂ, ಒಂದರಿಂದ ಎಂಟನೆಯ ತರಗತಿಯವರೆಗಿನ ಅಧ್ಯಾಪಕರಿಗೆ ಡಿ.ಎಲ್.ಇಡಿ. ಅಥವಾ ಬಿ.ಇಡಿ.ಯಂಥ ವೃತ್ತಿಶಿಕ್ಷಣವನ್ನೂ ಟಿಇಟಿ ಉತ್ತೀರ್ಣತೆಯನ್ನೂ ವಿಧಿಸುತ್ತವೆ. ಆದರೆ ಬಿ.ಇಡಿ. ಒಂದನ್ನೇ ಹಿಡಿದು ಐದನೆಯವರೆಗಿನ ತರಗತಿಗಳಿಗೆ ಹೊಸದಾಗಿ ಸೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟ್ 11ರಂದು ತೀರ್ಪಿತ್ತಿದೆ. ಅವೆನ್ಯೂ ರಸ್ತೆಯಲ್ಲಿ ಟಿಇಟಿ ಗೈಡು ಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು. ಈ ವೃತ್ತಿಶಿಕ್ಷಣದೊಳಗೇ ಇಪ್ಪತ್ತು ವಾರಗಳ ಶಾಲಾ ಇಂಟರ್ನ್‌ಷಿಪ್ ಸೇರಿರುವುದರಿಂದ, ಅರ್ಹತೆ ಪಡೆದು ತರಗತಿಯ ಹೊಣೆ ಹೊತ್ತವರನ್ನು ‘ಟ್ರೈನಿ’ ಎಂದು ಕರೆಯಲು 23ನೆಯ ಪ್ರಕರಣದಲ್ಲಿ ಆಧಾರವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವರ್ಷಕ್ಕೆ 50 ಗಂಟೆಗಳ ವೃತ್ತಿಪರ ತರಬೇತಿಯನ್ನೂ, ಹಿರಿಯರಿಂದ ಕಿರಿಯ ಅಧ್ಯಾಪಕರಿಗೆ ಮಾರ್ಗದರ್ಶನವನ್ನೂ ಹೇಳಿರುವುದು ಸ್ತುತ್ಯವೇ. ಆದರೆ ನೀತಿಯು ಕಾಯಿದೆಯಲ್ಲ, ‘ನನಗೆ ಮಾರ್ಗದರ್ಶಕರನ್ನು ಕೊಟ್ಟಿಲ್ಲ’ ಎಂಬ ಒಂದೇ ಕಾರಣದ ಮೇಲೆ ದಾವೆ ನಿಲ್ಲುವುದು ದುಸ್ತರ.

ಇನ್ನು ಅತ್ಯಂತ ಹಾನಿಕರವಾದ ಆ ಕಾಗದದ ವಿಚಾರ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯ 92ನೆಯ ಪ್ರಕರಣದಂತೆ ಖಾಸಗಿ ಶಾಲೆಯ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡಲಾಗದು. ಮಾಡಿದಲ್ಲಿ, ಆದೇಶ ತಲುಪಿದ ಮೂರು ತಿಂಗಳೊಳಗೆ 94ನೆಯ ಪ್ರಕರಣದ ಮೇರೆಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಆದರೆ ರಾಜೀನಾಮೆ ವಜಾ ಅಲ್ಲವಷ್ಟೆ! ತಾವೇ ಬಿಟ್ಟುಹೋದರೆಂದು ಶಾಲೆಯವರು ಪತ್ರ ತೋರಿಸಿದೊಡನೆ, ಅದು ಬಲಾತ್ಕಾರದಿಂದ ಬರೆಸಿದ್ದೆಂದು ಸಾಧಿಸುವ ಭಾರವೆಲ್ಲ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಆದಕಾರಣ ತಾರೀಖಿಲ್ಲದ ಕಾಗದಕ್ಕೆ ಸಹಿ ಮಾಡಬೇಡಿರಿ. ಕೆಲಸ ಬೇಕಾದವರಿಗೆ ಈ ಉಪದೇಶ ಸುಲಭವಲ್ಲವೆಂಬುದು ನನಗೂ ಗೊತ್ತು. ಮಾಡಲೇಬೇಕಾಗಿ ಬಂದರೆ ಅದರ ಫೋಟೋ ತೆಗೆದುಕೊಂಡು, ‘ಸೇರುವ ದಿನವೇ ಈ ಪತ್ರವನ್ನು ಪಡೆದಿರುತ್ತೀರಿ’ ಎಂದು ಅಂದೇ ಶಾಲೆಗೆ ಇಮೇಲ್ ಕಳುಹಿಸಿರಿ. ಆ ಧೈರ್ಯವೂ ಇಲ್ಲದವರು ಅದನ್ನು ಮನೆಯವರೊಬ್ಬರಿಗಾದರೂ ಕಳುಹಿಸಿಡಲಿ. ಆ ದಿನಾಂಕವೇ ಮುಂದೆ ಸಾಕ್ಷ್ಯವಾದೀತು. ಪತ್ರವನ್ನು ಬಳಸಿಬಿಟ್ಟರೋ, ತಡಮಾಡದೆ ಸ್ಪೀಡ್ ಪೋಸ್ಟಿನಲ್ಲಿ ಲಿಖಿತ ಆಕ್ಷೇಪಣೆ ಹೋಗಬೇಕು.

ಇಲ್ಲಿಯೂ ಅಪವಾದಗಳಿವೆ. ನೇಮಕಾತಿ ಆದೇಶದಲ್ಲಿ ಪ್ರೊಬೇಷನ್ ಅವಧಿಯನ್ನು ನಮೂದಿಸಿದ್ದರೆ, ಕಳಂಕ ಹೊರಿಸದೆ ಷರತ್ತಿನಂತೆ ಬಿಡುಗಡೆ ಮಾಡುವುದಕ್ಕೆ ನ್ಯಾಯಾಲಯಗಳು ಸಾಮಾನ್ಯವಾಗಿ ಅಡ್ಡಬರುವುದಿಲ್ಲ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳವರು ಕರ್ನಾಟಕ ಶಿಕ್ಷಣ ಕಾಯಿದೆ ತಮಗೆ ಅನ್ವಯಿಸದೆಂಬ ವಾದವನ್ನೇ ಮೊದಲು ಎತ್ತುತ್ತಾರೆ. ನೇಮಕಾತಿ ಆದೇಶವನ್ನೇ ಕೊಡದಿದ್ದಲ್ಲಿ ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕು, ಹಾಜರಿಯ ಪ್ರತಿ, ನಿಮ್ಮ ಹೆಸರಿರುವ ವೇಳಾಪಟ್ಟಿ, ಇವನ್ನು ಕೂಡಿಸಿಡಿ. ಶಾಲೆಯು ಬಿಇಒ ಕಚೇರಿಗೆ ಸಲ್ಲಿಸಿದ ಸಿಬ್ಬಂದಿ ಪಟ್ಟಿಯ ನಕಲನ್ನು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಿಂದ ಕೇಳಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಅರ್ಜಿದಾರರು ಕೇಳಿದ್ದು ತಮ್ಮದೇ ವಿವರವಾದರೂ ‘ಮೂರನೆಯ ವ್ಯಕ್ತಿಯ ಮಾಹಿತಿ’ ಎಂದು ಷರಾ ಬರೆದು ತಿರುಗಿಸುವ ಗುಮಾಸ್ತರನ್ನು ಕಂಡು ನನಗೆ ಸಾಕಾಗಿದೆ. ಮೊದಲ ಮೇಲ್ಮನವಿಗೆ ಮೂವತ್ತು ದಿನಗಳಿವೆ, ಬಿಡಬೇಡಿರಿ.

ಇದಕ್ಕಿಂತಲೂ ದೊಡ್ಡ ಅನರ್ಥ, ಕಚೇರಿಯ ಮುಂದೆ ಸುಳಿದಾಡುವ ಮಧ್ಯವರ್ತಿಯದು. ಐದು ಸಾವಿರ ಕಿತ್ತುಕೊಂಡು ನಿಮ್ಮನ್ನು ಲೇಬರ್ ಆಫೀಸಿಗೆ ಕರೆದೊಯ್ಯುತ್ತಾನೆ. ಅಧ್ಯಾಪಕರು ಅಂದಿನ ಕೈಗಾರಿಕಾ ವಿವಾದ ಕಾಯಿದೆಯ ‘ಕಾರ್ಮಿಕ’ರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸುಂದರಾಂಬಾಳ್ ಪ್ರಕರಣದಲ್ಲಿ 1988ರಲ್ಲಿಯೇ ಹೇಳಿರುವುದನ್ನು ಅವನು ತಿಳಿದಿರುವುದಿಲ್ಲ, ತಿಳಿದಿದ್ದರೂ ಹೇಳುವುದಿಲ್ಲ, ಅಷ್ಟರಲ್ಲಿ ಮೂರು ತಿಂಗಳು ಸಂದಿರುತ್ತದೆ.

ಮೂಲ ಅಂಕಪಟ್ಟಿಗಳನ್ನು ಶಾಲೆಗೆ ಒಪ್ಪಿಸದಿರಿ, ತೋರಿಸಿ ದೃಢೀಕೃತ ನಕಲು ಕೊಡಿರಿ. ಈಗಾಗಲೇ ಕೊಟ್ಟಿದ್ದರೆ ಸ್ವೀಕೃತಿ ಪತ್ರ ಕೇಳಿರಿ. ‘ತರಬೇತಿಯ ವೆಚ್ಚ’ವೆಂದು ಲಕ್ಷ ರೂಪಾಯಿಯ ಬಾಂಡ್ ಬರೆಸಿಕೊಂಡವರು ಬರೆದ ಮೊತ್ತವನ್ನೆಲ್ಲ ಕಣ್ಣುಮುಚ್ಚಿ ವಸೂಲು ಮಾಡಲಾರರು, ಒಪ್ಪಂದ ಕಾಯಿದೆಯ 74ನೆಯ ಪ್ರಕರಣವು ನ್ಯಾಯಸಮ್ಮತ ಪರಿಹಾರವನ್ನಷ್ಟೇ ಒಪ್ಪುತ್ತದೆ. ಹಾಗೆಂದು ಎಲ್ಲ ಬಾಂಡೂ ಅಸಿಂಧುವೆಂದು ಭಾವಿಸಬೇಡಿರಿ. ಸಾರ್ವಜನಿಕ ರಂಗದ ಬ್ಯಾಂಕೊಂದರ ಎರಡು ಲಕ್ಷ ರೂಪಾಯಿಯ ಬಾಂಡನ್ನು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಎತ್ತಿಹಿಡಿದಿದೆ.

ವಕೀಲರ ಶುಲ್ಕಕ್ಕೆ ಹೆದರಿ ಮನೆಯಲ್ಲಿ ಕೂರುವ ಸೋದರಿಯರಿಗೆ ಒಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯಲು ವರಮಾನದ ಮಿತಿಯಿಲ್ಲ. ಸಹಾಯವಾಣಿ 15100. ಮೂರು ತಿಂಗಳ ಗಡುವು ಮುಗಿಯುವ ಮುನ್ನವೇ ಕರೆ ಮಾಡಿರಿ.