ಫೀ ಇಲ್ಲದ ದೇಶಕ್ಕೆ ಹನ್ನೆರಡು ಲಕ್ಷ

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ವಿದೇಶದಿಂದ ಬಂದವರಿಗೂ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕ ಹಾಕಿತು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರುಮಾಡಿದೆ. ಉಳಿದ ಹೆಚ್ಚಿನ ಕಡೆ ಕಟ್ಟಬೇಕಾದದ್ದು ಸೆಮಿಸ್ಟರ್ ವಂತಿಗೆ ಮಾತ್ರ. ಅದು ಊರು ನೋಡಿಕೊಂಡು ನೂರರಿಂದ ನಾನೂರು ಯೂರೊವರೆಗೆ ಇರುತ್ತದೆ, ಎಷ್ಟೋ ಕಡೆ ಬಸ್ಸು-ಟ್ರಾಮಿನ ಪಾಸೂ ಅದರಲ್ಲೇ ಸೇರಿರುತ್ತದೆ. ಇದನ್ನು ಕೇಳಿದ ತಂದೆತಾಯಿಗೆ ಜರ್ಮನಿ ಅಗ್ಗ ಎನಿಸುತ್ತದೆ. ಅಮೆರಿಕ, ಬ್ರಿಟನ್ ಪಕ್ಕದಲ್ಲಿಟ್ಟರೆ ಅಗ್ಗವೇ. ಆದರೆ ವಿಮಾನ ಹತ್ತುವ ಮುಂಚೆಯೇ ಹನ್ನೊಂದು-ಹನ್ನೆರಡು ಲಕ್ಷ ರೂಪಾಯಿ ಇಡಿಯಾಗಿ ಕೈಯಲ್ಲಿರಬೇಕು. ಮನೆಗಳಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಈ ದುಡ್ಡು ಯಾವ ತಾರೀಖಿಗೆ, ಯಾರ ಖಾತೆಯಲ್ಲಿರಬೇಕು ಎಂಬಲ್ಲಿ.

ಮೊದಲು ಚಿಲ್ಲರೆ ಖರ್ಚು. ಭಾರತದ ಪದವಿಗಳ ಸಾಚಾತನ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ವೀಸಾಕ್ಕೆ ಕಡ್ಡಾಯ, ಅದಕ್ಕೆ 18,000 ರೂಪಾಯಿ. ಇಂಗ್ಲಿಷ್ ಪರೀಕ್ಷೆಗೆ ಹೆಚ್ಚುಕಡಿಮೆ ಅಷ್ಟೇ. ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯನ್ನು ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ತೆಗೆದುಕೊಳ್ಳುತ್ತವೆ: ಮೊದಲನೆಯದಕ್ಕೆ 75 ಯೂರೊ, ಆಮೇಲಿನ ಒಂದೊಂದಕ್ಕೂ 30. ಐದು ಕಡೆ ಅರ್ಜಿ ಹಾಕಿ, ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸುವಷ್ಟರಲ್ಲಿ ಅರವತ್ತು ಸಾವಿರದ ಹತ್ತಿರ ಬರುತ್ತದೆ. ಈ ದುಡ್ಡಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಪ್ರವೇಶ ಸಿಗದಿದ್ದರೆ ವಾಪಸ್ಸೂ ಬರುವುದಿಲ್ಲ.

ದೊಡ್ಡ ಮೊತ್ತವೆಂದರೆ ಬ್ಲಾಕ್ಡ್ ಅಕೌಂಟ್. ವಿದ್ಯಾರ್ಥಿಯ ಒಂದು ವರ್ಷದ ಜೀವನವೆಚ್ಚವನ್ನು ಮುಂಚಿತವಾಗಿ ಜರ್ಮನಿಯ ಖಾತೆಯೊಂದರಲ್ಲಿ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟು ಎಂದು ಅದೇ ದುಡ್ಡು ವಿದ್ಯಾರ್ಥಿಯ ಕೈಗೆ ಬರುತ್ತದೆ. ಅದು ಶುಲ್ಕವಲ್ಲ, ಮಗುವಿನ ಊಟದ ದುಡ್ಡನ್ನು ಮೊದಲೇ ಎಣಿಸಿಕೊಟ್ಟಂತೆ. ಮೊತ್ತವನ್ನು ಜರ್ಮನ್ ಸರ್ಕಾರ ಆಗಾಗ ಏರಿಸುತ್ತದೆ: 2019ರ ನಡುವಿನವರೆಗೆ ವರ್ಷಕ್ಕೆ 8,640 ಯೂರೊ ಇದ್ದದ್ದು 2023ರಲ್ಲಿ 11,208 ಆಯಿತು, 2024ರ ಸೆಪ್ಟೆಂಬರ್‌ನಿಂದ 11,904. ಅಂದರೆ ತಿಂಗಳಿಗೆ 992.

ಈ ಅಂಕಣಕಾರನ ಮಗಳು ಹೊರಟದ್ದು 2024ರಲ್ಲೇ. ಯೂರೊ ಏರುವ ಮೊದಲೇ ಕಳಿಸಿಬಿಡುವುದು ಜಾಣತನವೆಂದು ಜುಲೈನಲ್ಲಿ ಎಫ್‌ಡಿ ಮುರಿದು, 91 ರೂಪಾಯಿಯ ದರದಲ್ಲಿ 11,208 ಯೂರೊ ಕಳಿಸಲಾಯಿತು. ವೀಸಾ ಅರ್ಜಿಗೆ ದಿನ ಸಿಕ್ಕದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಮೊತ್ತ ಬದಲಾಗಿ 696 ಯೂರೊ ಕಡಿಮೆ ಬಿತ್ತು. ಅವಧಿಗೆ ಮುಂಚೆ ಮುರಿದದ್ದಕ್ಕೆ ಎಫ್‌ಡಿ ಬಡ್ಡಿಯಲ್ಲಿ ಕಡಿತವಾಗಿತ್ತು. ಈಗ ಮತ್ತೆ ಸುಮಾರು 65 ಸಾವಿರ ರೂಪಾಯಿ, ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರಂ ಮತ್ತೊಂದು, ಮತ್ತೊಮ್ಮೆ ವರ್ಗಾವಣೆ ಶುಲ್ಕ, ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆಯಾದ ಟಿಸಿಎಸ್ ಮತ್ತೆ. ದುಡ್ಡು ತಲುಪಿ ಹೊಸ ದೃಢೀಕರಣ ಪತ್ರ ಬರುವವರೆಗಿನ ಐದು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅರ್ಜಿ ಕೊಡುವ ದಿನ ಯಾವ ಮೊತ್ತ ಜಾರಿಯಲ್ಲಿರುತ್ತದೋ ಅದೇ ಲೆಕ್ಕ. ಆದ್ದರಿಂದ ಏಳೆಂಟುನೂರು ಯೂರೊ ಆಗುವಷ್ಟು ರೂಪಾಯಿಯನ್ನು ಉಳಿತಾಯ ಖಾತೆಯಲ್ಲಿ ಮುಟ್ಟದೆ ಇಟ್ಟುಕೊಂಡಿರುವುದು ಒಳ್ಳೆಯದು.

ಕಳಿಸುವಾಗ ನೋಡಬೇಕಾದದ್ದು ಬ್ಯಾಂಕು ಹೇಳುವ ‘ಜೀರೊ ಚಾರ್ಜ್’ ಅಲ್ಲ, ದರ. ಯೂರೊ ಒಂದಕ್ಕೆ ಒಂದೇ ರೂಪಾಯಿ ಹೆಚ್ಚು ಹಿಡಿದರೂ 11,904 ಯೂರೊಗೆ 11,904 ರೂಪಾಯಿ ಹೋಯಿತು. ವರ್ಗಾವಣೆ ಶುಲ್ಕ, ಜಿಎಸ್‌ಟಿ ಎರಡೂ ಸೇರಿದರೂ ಅಷ್ಟಾಗುವುದಿಲ್ಲ. ಒಂದೇ ದಿನ, ಒಂದೇ ಗಂಟೆಯಲ್ಲಿ ಮೂರು ಕಡೆ ದರ ಕೇಳಿ ಬರೆದುಕೊಂಡರೆ ಸಾಕು, ಚೌಕಾಸಿಗೆ ಜಾಗವಿರುತ್ತದೆ. ಇನ್ನೊಂದು ತೊಡಕು ನಡುವಿನ ಬ್ಯಾಂಕುಗಳದು: ದಾರಿಯಲ್ಲಿ ಅವು ಹತ್ತು-ಇಪ್ಪತ್ತು ಯೂರೊ ಮುರಿದುಕೊಂಡರೆ ಖಾತೆಗೆ ಬೀಳುವುದು ಕಡಿಮೆ, ಪೂರ್ತಿ ಮೊತ್ತ ಬರದೆ ದೃಢೀಕರಣ ಸಿಗದು. ಎಲ್ಲ ಶುಲ್ಕವನ್ನೂ ಕಳಿಸುವವರೇ ಭರಿಸುವ ಆಯ್ಕೆಗೆ ಗುರುತು ಹಾಕಬೇಕು.

ಎ2 ಫಾರಂನಲ್ಲಿ ದುಡ್ಡು ಯಾತಕ್ಕೆ ಎಂದು ಸೂಚಿಸುವ ಕೋಡ್ ಇರುತ್ತದೆ. ವ್ಯಾಸಂಗಕ್ಕೆ ಹೋಗುವವರ ಫೀ, ಹಾಸ್ಟೆಲ್ ಇತ್ಯಾದಿಗೆ ಎಸ್0305. ಕೌಂಟರಿನಲ್ಲಿದ್ದವರು ಅವಸರದಲ್ಲಿ ಸಂಬಂಧಿಕರ ಪಾಲನೆಯ ಎಸ್1301 ಹಾಕಿಬಿಟ್ಟರೆ, ಮಿತಿ ದಾಟಿದ ಮೊತ್ತಕ್ಕೆ ವಿದ್ಯಾಭ್ಯಾಸದ ಕಡಿಮೆ ಟಿಸಿಎಸ್ ದರ ಸಿಗದು. ಆ ಮಿತಿ ಮೊದಲು ವರ್ಷಕ್ಕೆ 7 ಲಕ್ಷವಿತ್ತು, 2025ರ ಏಪ್ರಿಲ್‌ನಿಂದ 10 ಲಕ್ಷ. ಬ್ಯಾಂಕಿನ ಶಿಕ್ಷಣ ಸಾಲದ ಹಣ ಕಳಿಸಿದರೆ ಅಂದಿನಿಂದ ಟಿಸಿಎಸ್ ಇಲ್ಲವೇ ಇಲ್ಲ. ಸ್ವಂತ ದುಡ್ಡಿನವರಿಗೂ ಇದು ಕಳೆದುಹೋದ ಹಣವಲ್ಲ. ಕಳಿಸಿದವರ ಪ್ಯಾನ್‌ನ ತೆರಿಗೆ ದಾಖಲೆಯಲ್ಲಿ ಕಾಣಿಸಿಕೊಂಡು ರಿಟರ್ನ್ಸ್ ಸಲ್ಲಿಸಿದಾಗ ವಜಾ ಆಗುತ್ತದೆ. ಆದರೆ ಅಲ್ಲಿಯವರೆಗೆ ಸಿಕ್ಕಿಕೊಂಡಿರುತ್ತದೆ. ಮೇಲಿನ ಜುಲೈ ವರ್ಗಾವಣೆಯಲ್ಲಿ ಹೀಗೆ ಕೂತದ್ದು ಸುಮಾರು 16 ಸಾವಿರ.

ಸಾಲ ಮಾಡುವವರಿಗೆ ಜರ್ಮನಿಯ ವಿಷಯದಲ್ಲೊಂದು ವಿಚಿತ್ರ ತೊಂದರೆ. ಬ್ಯಾಂಕಿನವರು ಮೊದಲು ಕೇಳುವುದೇ ಫೀ ಪಟ್ಟಿ. ‘ಫೀ ಇಲ್ಲ ಸಾರ್’ ಎಂದರೆ ‘ಹಾಗಾದರೆ ಸಾಲ ಯಾತಕ್ಕೆ’ ಎಂದು ಫೈಲು ಪಕ್ಕಕ್ಕೆ ಸರಿಯುತ್ತದೆ. ಬ್ಲಾಕ್ಡ್ ಅಕೌಂಟ್ ತೆರೆದ ಪತ್ರ, ಅದರ ಮೊತ್ತ, ವಿಮಾನದ ಟಿಕೆಟ್ಟಿನ ಅಂದಾಜು, ಲ್ಯಾಪ್‌ಟಾಪ್ ಇವನ್ನೆಲ್ಲ ಸೇರಿಸಿ ಜೀವನವೆಚ್ಚದ ಪಟ್ಟಿಯೊಂದನ್ನು ತಯಾರಿಸಿಕೊಂಡು ಹೋಗಬೇಕು. ಏಳೂವರೆ ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತವೆ. ಕರ್ನಾಟಕದಲ್ಲಿ ತಡವಾಗುವುದು ಇಲ್ಲೇ. ಪಹಣಿ ಎಷ್ಟು ಚೊಕ್ಕವಾಗಿದ್ದರೂ ಕನ್ವರ್ಷನ್ ಆಗದ ಕೃಷಿ ಜಮೀನನ್ನು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಹಳ್ಳಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು, ಬೆಂಗಳೂರಿನಲ್ಲಿ ಬಿ-ಖಾತಾ ಎಂದೊಡನೆ ಮಾತು ನಿಲ್ಲುತ್ತದೆ. ಋಣಭಾರ ಪತ್ರ (ಇಸಿ), ವಕೀಲರ ಅಭಿಪ್ರಾಯ, ಮೌಲ್ಯಮಾಪನ ಎಲ್ಲ ಮುಗಿಯಲು ಎರಡು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಪ್ರವೇಶಪತ್ರಕ್ಕೆ ಕಾಯದೆ ಕಾಗದಗಳನ್ನು ಜೋಡಿಸಿಟ್ಟುಕೊಳ್ಳಬೇಕು. ಪರಿಶಿಷ್ಟ ಜಾತಿ, ಪಂಗಡದವರು ಸಾಲಕ್ಕೆ ಮೊದಲು ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ವಿದ್ಯಾರ್ಥಿವೇತನ ಯೋಜನೆಯನ್ನು ವಿಚಾರಿಸುವುದು ಮೇಲು.

ಅಲ್ಲಿ ಇಳಿದ ದಿನವೇ 992 ಯೂರೊ ಕೈಗೆ ಬರುತ್ತದೆಂದು ಬಹಳ ಮಂದಿ ತಿಳಿದಿರುತ್ತಾರೆ. ಬರುವುದಿಲ್ಲ. ಮೊದಲು ಅಲ್ಲಿ ಮಾಮೂಲಿ ಬ್ಯಾಂಕ್ ಖಾತೆ ಆಗಬೇಕು, ಆಮೇಲೆ ಬ್ಲಾಕ್ಡ್ ಅಕೌಂಟ್ ಸಕ್ರಿಯವಾಗಬೇಕು. ಎಷ್ಟೋ ಕಡೆ ಅದಕ್ಕೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಪತ್ರ ಕೇಳುತ್ತಾರೆ. ವಿಳಾಸ ನೋಂದಣಿಗೆ ಮನೆ ಕೊಟ್ಟವರ ಸಹಿ ಬೇಕು, ಮನೆ ಸಿಗಲು ಮುಂಗಡ ಕೊಡಬೇಕು. ಮುಂಗಡ ಕೊಡುವ ದುಡ್ಡು ಬ್ಲಾಕ್ಡ್ ಅಕೌಂಟಿನಲ್ಲಿ ಕೂತಿದೆ! ಈ ಸುತ್ತು ಬಿಡಿಸಿಕೊಳ್ಳಲು ಬೇರೆಯಾಗಿ ಸುಮಾರು 2,000 ಯೂರೊ ಬೇಕು, ಬಹುಪಾಲು ಫೊರೆಕ್ಸ್ ಕಾರ್ಡಿನಲ್ಲಿ, ಇನ್ನೂರು-ಮುನ್ನೂರು ನೋಟಿನಲ್ಲಿ. ಅಂಕಣಕಾರನ ಮಗಳು ಒಯ್ದದ್ದು 900. ಹಾಸ್ಟೆಲಿನ ಬಂಕ್ ಹಾಸಿಗೆಯಲ್ಲಿ ಹನ್ನೊಂದು ರಾತ್ರಿ ಕಳೆಯುವಷ್ಟರಲ್ಲಿ ಅದರಲ್ಲಿ ಅರ್ಧ ಹೋಗಿತ್ತು. ಮುಂಗಡದ ಬಗ್ಗೆ ಒಂದು ಮಾತು: ಜರ್ಮನ್ ಕಾನೂನಿನ ಪ್ರಕಾರ ಅದು ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಬಾಡಿಗೆದಾರ ಅದನ್ನು ಮೂರು ಕಂತಿನಲ್ಲಿ ಕಟ್ಟಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿದವರು ಈ ಹಕ್ಕನ್ನು ಕೇಳಲು ಸಂಕೋಚಪಡುತ್ತಾರೆ. ಕೋಣೆ ತೋರಿಸದೆ ಮುಂಗಡ ಕೇಳುವವರಿಗೆ ಮಾತ್ರ ಒಂದು ಯೂರೊವನ್ನೂ ಕಳಿಸಬಾರದು.

992ರಲ್ಲಿ ವಿದ್ಯಾರ್ಥಿ ಆರೋಗ್ಯ ವಿಮೆಗೇ 140 ಯೂರೊ ಆಸುಪಾಸು ಹೋಗುತ್ತದೆ. ಮೂವತ್ತು ದಾಟಿದವರಿಗೆ ಆ ರಿಯಾಯಿತಿ ದರವೂ ಇಲ್ಲ. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕವುಂಟು. ಕೋಣೆ ಹಂಚಿಕೊಂಡವರು ಅದನ್ನೂ ಹಂಚಿಕೊಳ್ಳುತ್ತಾರೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅವಕಾಶವಿದೆ, ಆದರೆ ಮೊದಲ ಸೆಮಿಸ್ಟರಿನ ಲೆಕ್ಕದಲ್ಲಿ ಆ ಸಂಪಾದನೆಯನ್ನು ಸೊನ್ನೆ ಎಂದೇ ಬರೆದುಕೊಳ್ಳುವುದು ಕ್ಷೇಮ. ದೊಡ್ಡವರ ಕನ್ನಡಕದ ಖರ್ಚನ್ನು ಅಲ್ಲಿನ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಎರಡು ಜೊತೆ ಇಲ್ಲೇ ಮಾಡಿಸಿಕೊಳ್ಳಬೇಕು, ಹಲ್ಲನ್ನೂ ತೋರಿಸಿಕೊಂಡು ಹೋಗಬೇಕು. ಸಾರಿನ ಪುಡಿ, ಚಟ್ನಿಪುಡಿಗೆ ಅಡ್ಡಿಯಿಲ್ಲ. ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟ ಒಳಗೆ ಬಿಡುವುದಿಲ್ಲವಾದ್ದರಿಂದ ಅಜ್ಜಿ ಕಾಯಿಸಿಕೊಟ್ಟ ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಉಳಿಯಬೇಕು.

ಭಾರತದ ಸಿಮ್ ಕಾರ್ಡನ್ನು ಸಾಯಲು ಬಿಡಬಾರದು. ಒಟಿಪಿ ಬರದಿದ್ದರೆ ಇಲ್ಲಿನ ಖಾತೆ ಇದ್ದೂ ಇಲ್ಲದಂತೆ. ವಿದೇಶಿ ವಿನಿಮಯದ ಫೆಮಾ ಕಾನೂನಿನ ಪ್ರಕಾರ ಹೊರದೇಶಕ್ಕೆ ಓದಲು ಹೋದವರು ಅನಿವಾಸಿಗಳು, ಹಾಗಾಗಿ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಮಾಡಿಸಬೇಕು. ಇದನ್ನು ಬ್ಯಾಂಕಿನವರು ಜ್ಞಾಪಿಸುವುದು ಕಡಿಮೆ.

ಎರಡನೇ ವರ್ಷ ನಿವಾಸ ಪರವಾನಗಿ ನವೀಕರಿಸುವಾಗ ಜೀವನಕ್ಕೆ ದುಡ್ಡಿದೆ ಎಂದು ಮತ್ತೆ ತೋರಿಸಬೇಕು. ಅರೆಕಾಲಿಕ ಕೆಲಸದ ಸಂಬಳದ ಚೀಟಿ ಸಾಲದಿದ್ದರೆ ಮತ್ತೆ 11,904. 2024ರಲ್ಲಿ 92 ರೂಪಾಯಿಯ ಲೆಕ್ಕದಲ್ಲಿ ಅದು 10.95 ಲಕ್ಷವಾಗುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಯೂರೊ 103ರ ಆಸುಪಾಸಿನಲ್ಲಿತ್ತು, ಅದೇ ಮೊತ್ತಕ್ಕೆ 12.26 ಲಕ್ಷ ಹೊಂದಿಸಬೇಕಾಯಿತು.